ಉಳಿದಷ್ಟು ಮಗಳು

ಎಷ್ಟೋ ಕಾಲದ ಹಿಂದೆ, ಲೆಕ್ಕ ಇಟ್ಟವರು ಯಾರೂ ಇಲ್ಲ, ಕೆಂಬೆಟ್ಟದ ಆಚೆ ಒಂದು ರಾಜ್ಯವಿತ್ತು. ಅದರ ರಾಜಧಾನಿಯಲ್ಲಿ ಲಕ್ಕಣ್ಣ ಅಂತ ಒಬ್ಬ ಕಲಾಯಿಯವನು. ತಾಮ್ರ, ಹಿತ್ತಾಳೆ ಪಾತ್ರೆಗಳ ಕಿಲುಬು ತೆಗೆದು, ಒಳಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವುದು ಅವನ ಕಸುಬು. ತಾಯಿಯಿಲ್ಲದ ಒಬ್ಬಳೇ ಮಗಳು ಮಾಳವ್ವ, ಏಳು ವರ್ಷದವಳು. ಅವಳೇ ಅವನ ಜೀವ.

ಅವನು ಊರೂರು ಸುತ್ತಿ ಬರುವಷ್ಟರಲ್ಲಿ ಗಂಧಕನೆಂಬ ಮಾಂತ್ರಿಕ ರಾಜಧಾನಿಗೆ ಹೊಕ್ಕಿದ್ದ. ಹಳದಿ ಮೈ, ಬಾಯಿ ತೆರೆದರೆ ನೀಲಿ ಉರಿ. ಅವನ ಉಸಿರು ತಾಕಿದವರೆಲ್ಲ ಲೋಹ. ರಾಜ ಬಂಗಾರವಾದ. ಅವನಿಗೇನು ಕಷ್ಟ ಹೇಳಿ, ಬಂಗಾರವನ್ನು ಗಾಳಿ ಮುಟ್ಟದು, ನೀರೂ ಮುಟ್ಟದು. ಬಡವರ ಮಕ್ಕಳು ಕಬ್ಬಿಣವಾದರು. ಮಾಳವ್ವನೂ ಕಬ್ಬಿಣವಾದಳು. ಅವಳ ಜಡೆಕುಚ್ಚು ಹಗುರದ ಬಿಳಿ ಲೋಹವಾಯಿತು. ಅವಳ ಬೆಕ್ಕು ಬೆಣ್ಣೆಯ ಹಾಗೆ ಕೊಯ್ಯಬಹುದಾದ ಇನ್ನೊಂದು ಲೋಹವಾಯಿತು. ಮೈ ಕಬ್ಬಿಣವಾದರೂ ಹುಡುಗಿಗೆ ಮಾತು, ನೋವು ಎರಡೂ ಉಳಿದಿದ್ದವು.

ಲಕ್ಕಣ್ಣ ಮಾಂತ್ರಿಕನ ಕಾಲಿಗೆ ಬಿದ್ದ.

"ಮಗಳನ್ನ ಹೊತ್ತುಕೊಂಡು ಮೂರು ಬಾಗಿಲು ದಾಟಿ ನನ್ನ ಮನೆಗೆ ಬಾ" ಎಂದ ಗಂಧಕ. "ಅಲ್ಲಿ ಅವಳನ್ನ ಮತ್ತೆ ಮನುಷ್ಯಳನ್ನಾಗಿ ಮಾಡ್ತೀನಿ. ಉಳಿದಷ್ಟು ಮಗಳು ನಿನ್ನವಳು."

ಉಳಿದಷ್ಟು ಅಂದರೇನು ಅಂತ ಕೇಳುವ ಧೈರ್ಯ ಲಕ್ಕಣ್ಣನಿಗೆ ಬರಲಿಲ್ಲ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡ. ಬೆಕ್ಕು ಬಿಟ್ಟು ಬರಲ್ಲ ಅಂತ ಅವಳು ಹಟ ಹಿಡಿದದ್ದಕ್ಕೆ ಅದನ್ನೂ ಜೋಳಿಗೆಗೆ ಹಾಕಿಕೊಂಡ.

ಮೊದಲನೆಯದು ಗಾಳಿಬಾಗಿಲು. ಕುಲುಮೆಯ ತಿದಿ ಊದಿದಂಥ ಬಿಸಿಗಾಳಿ. ಜಡೆಕುಚ್ಚು ಭಗ್ಗೆಂದು ಕಣ್ಣು ಕುಕ್ಕುವ ಬಿಳಿ ಬೆಳಕಾಗಿ ಉರಿದು ಹಿಡಿ ಬೂದಿಯಾಯಿತು. ಮಾಳವ್ವನ ಮೈ ಕಪ್ಪಿಟ್ಟಿತು, ಅಷ್ಟೆ. ಕಲಾಯಿಯವರು ಬೂದಿ ಚೆಲ್ಲುವವರಲ್ಲ, ಪಾತ್ರೆ ಉಜ್ಜಲು ಬೇಕಲ್ಲ. ಲಕ್ಕಣ್ಣ ಅದನ್ನು ಗಂಟು ಕಟ್ಟಿಕೊಂಡ.

ಎರಡನೆಯದು ನೀರುಬಾಗಿಲು. ಎದೆಮಟ್ಟದ ಹೊಂಡ. ನಡುವೆ ಬೆಕ್ಕು ಜೋಳಿಗೆಯಿಂದ ಜಾರಿತು. ನೀರು ತಾಕಿದ್ದೇ ತಡ, ಅದು ಬುಸುಗುಡುತ್ತ ನೀರಿನ ಮೇಲೇ ಹೊತ್ತಿಕೊಂಡು ಓಡಾಡಿ ಕರಗಿಹೋಯಿತು. ಮಾಳವ್ವ ಅಳುವುದು ಅವನ ಬೆನ್ನಿಗೇ ಕೇಳಿಸಿತು. ಬೆಕ್ಕು ಕರಗಿದ ನೀರು ಕೈಗೆ ಜಾರುಜಾರಾಗಿತ್ತು.

"ಅದನ್ನ ಇಲ್ಲೇ ಬಿಟ್ಟು ಹೋಗ್ಬೇಡಪ್ಪ" ಎಂದಳು. ಅವನು ಒಂದು ಚೊಂಬು ಆ ನೀರನ್ನೇ ತುಂಬಿಕೊಂಡ.

ದಡ ಹತ್ತಿ ಮಗಳನ್ನು ಇಳಿಸಿದರೆ, ಒದ್ದೆ ಮೈಗೆ ಗಾಳಿಯಾಡಿ ತುಕ್ಕು ಹಿಡಿಯುತ್ತಿತ್ತು. ಎಡಗೈಯಿಂದ ಕೆಂಪು ಹೊಟ್ಟು ಉದುರುತ್ತಿತ್ತು. ಪಕ್ಕದಲ್ಲೊಂದು ಹುಣಸೆಮರ. ಹುಟ್ಟಿದಾಗಿಂದ ತಾಮ್ರ ಉಜ್ಜಿದ ಕೈ ಲಕ್ಕಣ್ಣನದು, ತಲೆಯನ್ನು ಕೇಳಲಿಲ್ಲ. ಹಣ್ಣು ಕಿತ್ತು ಕಿವುಚಿ ಮಗಳ ಎಡಗೈಗೆ ದಪ್ಪಗೆ ಬಳಿಯಿತು.

"ಅಪ್ಪಾ, ಉರೀತದೆ."

"ಸ್ವಲ್ಪ ತಡ್ಕೊ ನನ್ನವ್ವ. ಕೊಳೆ ಬಿಡೋವರ್ಗೆ ನೆನೀಬೇಕು. ಆಮೇಲೆ ಫಳಫಳ ಅಂತೀಯ."

"ತುಂಬಾ ಉರೀತದಪ್ಪ."

"ಆಯ್ತು, ಆಯ್ತು. ಇನ್ನೊಂದು ಚೂರು."

ತಾಮ್ರಕ್ಕಾದರೆ ಹುಳಿ ಕಿಲುಬನ್ನಷ್ಟೇ ತಿನ್ನುತ್ತದೆ. ಕಬ್ಬಿಣಕ್ಕೆ ಹಾಗಲ್ಲ, ಅದರಲ್ಲೂ ಆ ಮಾಂತ್ರಿಕನ ಲೋಕದ ಹುಳಿ. ಬುಳುಬುಳು ಗುಳ್ಳೆ ಎದ್ದಾಗಲೇ ಅವನು ಗಾಬರಿಯಾಗಿ ನೋಡಿದ್ದು. ಎರಡು ಬೆರಳು ಇರಲಿಲ್ಲ.

ಕೈಗೆ ಸಿಕ್ಕಿದ್ದು ಬೆಕ್ಕಿನ ನೀರು, ಅದನ್ನೇ ಒಂದಿಷ್ಟು ಸುರಿದ. ಗುಳ್ಳೆ ನಿಂತಿತು, ಉರಿಯೂ ನಿಂತಿತು. ಹೋದ ಬೆರಳು ಬರಲಿಲ್ಲ. ಲಕ್ಕಣ್ಣ ಹಣೆ ಹಣೆ ಚಚ್ಚಿಕೊಂಡ. ಗಾಳಿ ಬಿಟ್ಟಿತ್ತು, ನೀರು ಬಿಟ್ಟಿತ್ತು, ಹೆತ್ತಪ್ಪನೇ ತಿಂದುಹಾಕಿದ್ದ. ಮಗಳು ಬಲಗೈಯಿಂದ ಅವನ ಕಣ್ಣು ಒರೆಸಿದಳು. ಅದನ್ನು ಸಹಿಸುವುದು ಅವನಿಗೆ ಇನ್ನೂ ಕಷ್ಟವಾಯಿತು.

ಮೂರನೆಯದು ಹುಳಿಬಾಗಿಲು. ಒಂದು ಕೆರೆ, ನಡುವೆ ಕಲ್ಲಿನ ಮೇಲೆ ಗಂಧಕ ಕೂತಿದ್ದ. ಅವನ ಉಸಿರಿನ ಹೊಗೆ ನೀರಿಗೆ ಬಿದ್ದು ಬಿದ್ದು ಕೆರೆಯೆಲ್ಲ ಹುಳಿಯಾಗಿತ್ತು. ಆ ಹುಳಿಯಲ್ಲೇ ಅವನ ಪ್ರಾಣ.

"ಬಾರಯ್ಯ" ಎಂದು ನಕ್ಕ. "ಹೊತ್ತುಕೊಂಡು ಬಾ. ತಲೆಯಾದರೂ ಉಳಿದೀತು."

ಲಕ್ಕಣ್ಣ ದಡದಲ್ಲಿ ಕುಸಿದು ಕೂತ. ಹೋದರೆ ಮಗಳು ಕರಗುತ್ತಾಳೆ, ನಿಂತರೆ ತುಕ್ಕು ಹಿಡಿದು ಉದುರುತ್ತಾಳೆ. ಸಾಯೋಣವೆಂದರೆ ಅವಳನ್ನು ನೋಡುವವರಿಲ್ಲ.

"ಅಪ್ಪಾ" ಎಂದಳು ಮಾಳವ್ವ. "ಆಗ ಉರಿ ನಿಂತದ್ದು ಬೆಕ್ಕಿನ ನೀರಿಂದ ಅಲ್ವಾ?"

ಅವನು ತಲೆ ಎತ್ತಿದ. ಚೊಂಬಿನಲ್ಲಿ ಉಳಿದಿದ್ದ ನೀರನ್ನು ಕೆರೆಗೆ ಸುರಿದ. ಬೂದಿಯೂ ಹುಳಿ ಮುರಿದೀತೆಂದು ಜಡೆಕುಚ್ಚಿನ ಬೂದಿಯ ಗಂಟನ್ನೂ ಬಿಚ್ಚಿ ಕೊಡವಿದ. ಚೊಂಬು ಬರಿದಾಗಲೇ ಇಲ್ಲ, ಬೂದಿ ಮುಗಿಯಲೇ ಇಲ್ಲ. ಕೆರೆ ಬಿಸಿಯಾಗಿ ಹೊಗೆಯಾಡಿತು, ಹುಳಿ ಸತ್ತು ಬರೀ ಉಪ್ಪುನೀರಾಯಿತು. ಗಂಧಕ ಕೂತಲ್ಲೇ ಹಳದಿ ಪುಡಿಯಾಗಿ ಉದುರಿದ.

ಲೋಹವಾದವರೆಲ್ಲ ಮನುಷ್ಯರಾದರು. ರಾಜ ಮೈ ಮುರಿದು ಎದ್ದ, ಏನಾಯಿತೆಂದೇ ಅವನಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಸಿಹಿಯೂಟ ಹಾಕಿಸಿದ. ಅವತ್ತಿಂದ ಆ ರಾಜ್ಯದವರು ಸುಖವಾಗಿದ್ದರು.

ಲಕ್ಕಣ್ಣನೂ ಇದ್ದ. ಪಾತ್ರೆಯನ್ನು ಬೂದಿಯಲ್ಲೇ ಉಜ್ಜುತ್ತಿದ್ದ, ಹುಣಸೆಹಣ್ಣು ಮುಟ್ಟಲಿಲ್ಲ. ಮಾಳವ್ವನ ಕೈ ನೋಡಿ ಯಾರಾದರೂ ಕೇಳಿದರೆ ಅವನು ತಲೆ ತಗ್ಗಿಸುತ್ತಿದ್ದ. ಅವಳೇ ಹೇಳುತ್ತಿದ್ದಳು, "ಮಾಂತ್ರಿಕ ತಿಂದ" ಅಂತ.