ಕೆರೆಯೊಳಗೆ ಕೈ ಹಿಡಿದ ಸಾಲು

"ನಿನ್ನ ಬಿಲ್ಲೆ ಎಲ್ಲಿ?"

ಕೆರೆಯಿಂದ ಮೇಲೆ ಬಂದ ಡೋರ್ಕಾಳ ದಾರಿಗೆ ಅವನು ಅಡ್ಡ ನಿಂತಿದ್ದ. ಕೊರಳಲ್ಲಿ ಸೀಟಿ, ಕಣ್ಣಲ್ಲಿ ಕೋಪ.

"ಯಾವ ಬಿಲ್ಲೆ?"

"ಹೆಸರಿಂದು. ನೀರಿಗಿಳಿಯೋವಾಗ ಆ ಹಲಗೆಗೆ ನೇತುಹಾಕ್ಬೇಕು, ಮೇಲೆ ಬಂದಾಗ ತೆಗೀಬೇಕು. ಬಿಲ್ಲೆ ಉಳಿದು ಮನುಷ್ಯ ಕಾಣದಿದ್ರೆ ಸೈರನ್ ಹಾಕ್ತೀವಿ. ಅಡುಗೆಯವರೂ ಸೇರಿ ಎಲ್ಲರೂ ಕೈ ಹಿಡ್ಕೊಂಡು ಸಾಲಾಗಿ ನೀರಲ್ಲಿ ನಡೀಬೇಕು, ಹೆಣ ಕಾಲಿಗೆ ತಾಗುತ್ತಾ ಅಂತ. ಗೊತ್ತಾಯ್ತಾ?"

ಎಲ್ಲರ ಮುಂದೆ! ಹಂಗೇರಿಯ ಸಣ್ಣ ಊರಿಂದ ಬಂದ ಡೋರ್ಕಾಳಿಗೆ ಅಮೆರಿಕದ ಮೇನ್ ರಾಜ್ಯದ ಆ ಮಕ್ಕಳ ಬೇಸಿಗೆ ಕ್ಯಾಂಪಿನ ಅಡುಗೆ ಕೆಲಸದಲ್ಲಿ ಅದು ಮೊದಲ ವಾರ. ಅಳು ನುಂಗಿಕೊಂಡು ಅಡುಗೆಮನೆಗೆ ಓಡಿದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ಅದೇ ಮುಖ. ದಕ್ಷಿಣ ಆಫ್ರಿಕಾದ ಸಾಂಡಿಲೆ, ಕೆರೆಯಲ್ಲಿ ಈಜುವವರನ್ನು ಕಾಯುವವನು.

"ನಿನ್ನೆ ಜೋರು ಮಾಡಿಬಿಟ್ಟೆ. ಸಿಟ್ಟಿದ್ರೆ ಬ್ರೆಡ್ಡು ಸುಟ್ಟು ಕೊಡು, ತಿಂತೀನಿ."

ಅವಳು ನಿಜವಾಗಿಯೂ ಸುಟ್ಟು ಕೊಟ್ಟಳು. ಅವನು ಚೂರೂ ಬಿಡದೆ ತಿಂದ. ಅಲ್ಲಿಂದ ಶುರುವಾಯಿತು...

ಹೊರದೇಶದಿಂದ ಬಂದವರೆಲ್ಲ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ಇಲ್ಲಿಗ್ಯಾಕೆ ಬಂದೆ?

"ನಾನು ಇಂಗ್ಲಿಷ್ ಕಲಿಯೋಕೆ ಬಂದೆ. ಕಲಿತಿದ್ದು ಮೊಟ್ಟೆ ಒಡೆಯೋದು," ಎನ್ನುತ್ತಿದ್ದಳು ಡೋರ್ಕಾಳ ಜೊತೆ ಅಡುಗೆಮನೆಯಲ್ಲಿ ದುಡಿಯುವ ಮೆಕ್ಸಿಕೋದ ಯುರಿಡಿಯಾ.

"ನಾನು ಇಲ್ಲಿನ ಸೊಳ್ಳೆಗಳಿಗೆ ಊಟ ಹಾಕೋಕೆ ಬಂದೆ," ಎನ್ನುತ್ತಿದ್ದ ಸಾಂಡಿಲೆ. ಅವನ ಉತ್ತರ ದಿನಕ್ಕೊಂದು.

ಡೋರ್ಕಾ ಮಾತ್ರ ಒಮ್ಮೆ ಅವನಿಗೆ ನಿಜ ಹೇಳಿದ್ದಳು. "ಹದಿನೈದಕ್ಕೇ ಶಾಲೆ ಬಿಟ್ಟೆ. ನಮ್ಮೂರಲ್ಲಿ ಎಲ್ಲರೂ 'ಪಾಪ' ಅಂತ ನೋಡ್ತಾರೆ. ಇಲ್ಲಿ ನಾನು ಯಾರಂತ ಯಾರಿಗೂ ಗೊತ್ತಿಲ್ಲ. ಅದೇ ಸುಖ."

ಅವತ್ತು ಅವನು ನಗಲಿಲ್ಲ. ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

ಮಕ್ಕಳು ಮನೆಗೆ ಹೋದ ಮೇಲೆ ಒಂದು ತಿಂಗಳು ಸುತ್ತಲು ವೀಸಾದಲ್ಲಿ ಅವಕಾಶವಿತ್ತು. ಬಸ್ಸು ಹಿಡಿದು ದೇಶದ ಆಚೆ ಕಡೆಯ ಸಮುದ್ರದವರೆಗೂ ಹೋಗೋಣ ಎಂದಿದ್ದ ಸಾಂಡಿಲೆ. ಅವಳು ಆ ತಿಂಗಳಿಗಾಗಿಯೇ ಬದುಕಿದ್ದಳು.

ಕೊನೆಯ ವಾರ ಅವನು ಬಂದು ನಿಂತ. ಅವಳ ಮುಖ ನೋಡಲಿಲ್ಲ.

"ನಾನು ಬರಲ್ಲ ಡೋರ್ಕಾ. ನಾಡಿದ್ದೇ ಊರಿಗೆ ಹೊರಡ್ತೀನಿ."

"ಯಾಕೆ?"

"ಸುಮ್ನೆ. ಸಾಕಾಯ್ತು."

"ನಾನೂ ಸಾಕಾದ್ನಾ?"

ಅವನು ಬೆನ್ನು ತಿರುಗಿಸಿ ಹೊರಟುಹೋದ.

ಹಾಗಾದರೆ ನಾನು ಬರೀ ಒಂದು ಬೇಸಿಗೆಯ ಹೊತ್ತುಗಳೆಯುವ ಆಟವೇ... ಆ ಮಧ್ಯಾಹ್ನ ಡೋರ್ಕಾ ಕೆರೆಗಿಳಿದಳು. ಎಷ್ಟು ಈಜಿದರೂ ಎದೆಯ ಉರಿ ಆರಲಿಲ್ಲ. ದೋಣಿಮನೆಯ ಹಿಂದಿನಿಂದ ಮೇಲೆ ಬಂದು, ಒದ್ದೆ ಮೈಗೇ ಅಡುಗೆಮನೆಯ ಅಂಗಿ, ಟೋಪಿ ಸಿಕ್ಕಿಸಿ, ತರಕಾರಿ ಇಡುವ ತಣ್ಣನೆಯ ಕೋಣೆ ಸೇರಿದಳು. ಅದರ ಬಾಗಿಲು ದಪ್ಪ. ಎಷ್ಟು ಅತ್ತರೂ ಹೊರಗೆ ಕೇಳುವುದಿಲ್ಲ.

ಹಲಗೆಯ ಮೇಲೇ ಉಳಿದ ಬಿಲ್ಲೆಯ ನೆನಪೇ ಅವಳಿಗಿರಲಿಲ್ಲ.

ಹೊರಬಂದಾಗ ಸೈರನ್ ಕೂಗುತ್ತಿತ್ತು. ಅಡುಗೆಮನೆ ಖಾಲಿ. ಅದೇ ಅಂಗಿ, ಟೋಪಿಯಲ್ಲೇ ಓಡಿ, ನೀರಿಗಿಳಿದು, ಸಾಲಿನ ತುದಿಯಲ್ಲಿದ್ದ ಮಕ್ಕಳಿಗೆ ಬಿಲ್ಲು-ಬಾಣ ಕಲಿಸುವ ಮುದುಕನ ಕೈ ಹಿಡಿದಳು.

"ಯಾರು?" ಎಂದು ಪಿಸುಗುಟ್ಟಿದಳು. ಸಾಲಿನಲ್ಲಿ ಮಾತಾಡುವಂತಿಲ್ಲ. ಆತ ನೀರಿನಿಂದ ಕಣ್ಣೆತ್ತದೆ, ಗೊತ್ತಿಲ್ಲವೆಂಬಂತೆ ತಲೆಯಾಡಿಸಿದ.

ಒಂದೊಂದೇ ಹೆಜ್ಜೆ. ಎದೆಮಟ್ಟ ನೀರು. ಕೆಸರಿನಲ್ಲಿ ಕಾಲಿಡುವಾಗಲೆಲ್ಲ ಜೀವ ಹಾರಿಹೋಗುತ್ತಿತ್ತು. ದೇವರೇ, ಯಾವ ತಾಯಿಯ ಮಗುವೋ...

ಮುಂದೆ ಸಾಂಡಿಲೆ ಮುಳುಗುತ್ತಿದ್ದ, ಏಳುತ್ತಿದ್ದ, ಮತ್ತೆ ಮುಳುಗುತ್ತಿದ್ದ. ಒಮ್ಮೆ ಎದ್ದವನು ಬರಿದಾದ ನೀರನ್ನು ನೋಡಿ, ಎದೆ ಬಿರಿಯುವಂತೆ ಕೂಗಿದ.

"ಡೋರ್ಕಾ..."

ಅವಳ ಕಾಲುಗಳು ನಿಂತವು.

"ನಾನು... ನಾನಿಲ್ಲೇ ಇದ್ದೀನಿ."

ಸಾಲಿಗೆ ಸಾಲೇ ತಿರುಗಿತು. ಮೊದಲು ಬಾಯಿಬಿಟ್ಟವಳು ಯುರಿಡಿಯಾ. "ನಿನ್ನ ಹೆಣ ಹುಡುಕೋಕೆ ನೀನೇ ಬಂದ್ಯೇನೇ, ಕತ್ತೆ?" ಎಂದು ಬೈಯುತ್ತಲೇ ಗೊಳೋ ಎಂದು ಅತ್ತಳು.

ಸಾಂಡಿಲೆ ನೀರು ಸೀಳಿಕೊಂಡು ಬಂದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ.

ಎಲ್ಲರೂ ಹೋದ ಮೇಲೆ ಇಬ್ಬರೂ ದಡದಲ್ಲಿ ಒಂದೇ ಟವೆಲ್ ಹೊದ್ದು ಕೂತರು.

"ನೀನು ಸಾಕಾಗಿಲ್ಲ," ಎಂದ ಅವನು. "ಹೋದ ವರ್ಷ ಅಪ್ಪ ತೀರಿಕೊಂಡ್ರು. ಅಮ್ಮ ಅವತ್ತಿಂದ ಕಪ್ಪು ಬಟ್ಟೆಯಲ್ಲೇ ಇದ್ದಾಳೆ. ವರ್ಷ ತುಂಬಿದಾಗ ಅದನ್ನ ಕಳಚೋ ಶಾಸ್ತ್ರ ನಮ್ಮಲ್ಲಿದೆ, ಅದಕ್ಕೆ ಹಿರಿಮಗ ಇರಲೇಬೇಕು. ಮುಂದಿನ ತಿಂಗಳ ಕೊನೆಗೆ ಅಂದಿದ್ರು. ಈಗ ದೊಡ್ಡಪ್ಪಂದಿರು ಈ ಶನಿವಾರಕ್ಕೇ ಇಟ್ಟಿದ್ದಾರೆ."

"ನನಗೆ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನೂ 'ಪಾಪ' ಅಂತ ನೋಡ್ತಿದ್ದೆ. ಆ ನೋಟ ತಪ್ಪಿಸೋಕೇ ನಾನಿಲ್ಲಿಗೆ ಬಂದಿದ್ದು. ನೀನು ನನ್ನ ನೋಡೋ ಹಾಗೆ ಯಾರೂ ನೋಡಿರಲಿಲ್ಲ ಡೋರ್ಕಾ. ಅದನ್ನ ಕಳ್ಕೊಳ್ಳೋಕೆ ಇಷ್ಟ ಇರಲಿಲ್ಲ."

"ಮತ್ತೆ ಸಿಗ್ತೀವಾ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ. ಪ್ರೀತಿಸ್ತೀನಿ ಅನ್ನೋದಷ್ಟೇ ಗೊತ್ತು."

ಅವಳ ಕಣ್ಣು ತುಂಬಿ ಬಂತು. ಅವನಿಗೆ ಅದು ಕಾಣಬಾರದು... ಮೆಲ್ಲನೆ ತಿರುಗಿ, ಅವನ ಬೆನ್ನಿಗೆ ಬೆನ್ನು ಆನಿಸಿ ಕೂತಳು.

"ನಾನು ನಿನ್ನ ನೋಡಲ್ಲ. ಹೇಳು, ಅಪ್ಪ ಹೆಂಗಿದ್ರು?"

"ತುಂಬಾ ಜೋರಾಗಿ ನಗ್ತಿದ್ರು," ಎಂದ ಅವನು. "ಅವರು ನಕ್ರೆ ಪಕ್ಕದ ಮನೆ ನಾಯಿ ಬೊಗಳ್ತಿತ್ತು..."

ಅವನ ಬೆನ್ನು ಅಳುವಿನಿಂದ ಅದುರತೊಡಗಿತು. ಅವಳು ತಿರುಗಲಿಲ್ಲ. ಹಿಂದಕ್ಕೆ ಕೈ ಚಾಚಿ ಅವನ ಬೆರಳು ಹುಡುಕಿಕೊಂಡಳು.

"ಹ್ಞೂಂ," ಎಂದಳು. "ಆಮೇಲೆ?"