ಬೀಗ ಎರಡು ಸಲ ಕೂಗಿತು

ಕಪಾಟಿನ ಮೂರನೆಯ ಖಾನೆ ಖಾಲಿ!

ಸ್ಟೋರಿನವನು ಕಪಾಟಿನ ಬಾಗಿಲು ಹಿಡಿದುಕೊಂಡೇ ಒಮ್ಮೆ ಒಳಗೆ ನೋಡಿದ, ಒಮ್ಮೆ ಹೊಸಬಳ ಮುಖ ನೋಡಿದ.

"ಅಕ್ಕಾ, ನಿನ್ನೆ ಸಂಜೆ ತಟ್ಟೆ ಇಲ್ಲೇ ಇಟ್ವಲ್ಲ? ನೀವೂ ನೋಡಿದ್ರಿ."

"ಇಟ್ವಿ. ನಾನೇ ಬಾಗಿಲು ತಳ್ಳಿದ್ದು."

"ಮತ್ತೆ ಎಲ್ಲಿ ಹೋಯ್ತು?"

ತಟ್ಟೆಯಲ್ಲಿದ್ದದ್ದು ಕನ್ನಡಕದ ಹನ್ನೆರಡು ಗಾಜು. ಹನ್ನೆರಡನ್ನೂ ಅವಳೇ ಸಾಣೆ ಚಕ್ರಕ್ಕೆ ಹಿಡಿದು, ಅಂಚು ಅರೆದು, ಫ್ರೇಮಿಗೆ ಕೂರುವ ಹಾಗೆ ತಿದ್ದಿದ್ದಳು. ಅದಕ್ಕೇ ಒಂದು ವಾರ ಹಿಡಿದಿತ್ತು. ಈವತ್ತು ಮಧ್ಯಾಹ್ನ ಮೂರಕ್ಕೆ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಹನ್ನೆರಡೂ ಪಾಸಾದರೆ ಈ ಕಾರ್ಖಾನೆಯಲ್ಲಿ ಅವಳಿಗೆ ಕಾಯಂ ಕೆಲಸ. ಒಂದು ತಪ್ಪಿದರೂ ಮನೆಗೆ. ತಟ್ಟೆಯೇ ಇಲ್ಲದಿದ್ದರೆ?

ಹೆಸರಿಗೆ ಹೊಸಬಳು, ವಯಸ್ಸು ನಲವತ್ತೆರಡು. ಆರು ವಾರದ ಹಿಂದೆ ಅವಳು ಸಾಣೆ ಚಕ್ರವನ್ನು ಮುಟ್ಟಿಯೂ ನೋಡಿರಲಿಲ್ಲ. "ಈ ವಯಸ್ಸಲ್ಲಿ ಪರೀಕ್ಷೆನಾ ಅಮ್ಮಾ? ನಾನೇ ಅದನ್ನ ಬಿಟ್ಟು ಓಡಿಬಂದಿದೀನಿ" ಎಂದು ಮಗಳು ನಕ್ಕಿದ್ದಳು. ಹೊಸಬಳನ್ನು ಹುಡುಕಿ ತಂದು ಚಕ್ರದ ಮುಂದೆ ಕೂರಿಸಿದ್ದು ಗಡಿಯಾರದಮ್ಮ.

ಗಡಿಯಾರದಮ್ಮ ಈ ಕಾರ್ಖಾನೆಯವರಲ್ಲ. ಜನ ಹೇಗೆ ಕಲಿಯುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂದು ಜೀವಮಾನವಿಡೀ ಅಭ್ಯಾಸ ಮಾಡಿದ ಹೆಂಗಸು. ಕೊರಳಲ್ಲೊಂದು ಸೆಕೆಂಡು ಎಣಿಸುವ ಗಡಿಯಾರ, ಕೈಯಲ್ಲೊಂದು ಪುಸ್ತಕ. ಇಲ್ಲಿ ಗಾಜು ಅರೆಯುವುದನ್ನು ಕಲಿಯಲು ಮೂರು ವರ್ಷ ಬೇಕೆಂದು ಕೇಳಿ ಆಕೆ ಯಜಮಾನರ ಜೊತೆ ವಾದಕ್ಕೆ ಬಿದ್ದಿದ್ದರು. ಕೆಲಸವನ್ನು ಚೂರು ಚೂರು ಮಾಡಿ, ದಿನಕ್ಕೆ ನಾಲ್ಕು ಸಲ ಇಪ್ಪತ್ತೇ ನಿಮಿಷ ಕೂರಿಸಿ, ತಪ್ಪನ್ನು ಆ ಕ್ಷಣವೇ ತೋರಿಸಿದರೆ ಆರು ವಾರ ಸಾಕು ಎಂಬುದು ಅವರ ಹಟ. ಹೊಸಬಳು ಗೆದ್ದರೆ ಮೂರು ವರ್ಷದ ಪದ್ಧತಿಗೆ ಈವತ್ತೇ ಕೊನೆ.

ಒಂಬತ್ತು ದಾಟುವ ಹೊತ್ತಿಗೆ ಕಪಾಟಿನ ಮುಂದೆ ಎಲ್ಲರೂ ಸೇರಿದರು. ಯಜಮಾನರು ಬಂದವರೇ ಬೀಗ ನೋಡಿದರು. ಒಡೆದಿಲ್ಲ, ಗೀರೂ ಬಿದ್ದಿಲ್ಲ. ಅಂಕಿಗಳ ಗುಂಡಿ ಒತ್ತಿ ತೆಗೆಯುವ ಬೀಗ ಅದು.

"ಸಂಖ್ಯೆ ಯಾರಿಗೆಲ್ಲ ಗೊತ್ತು?"

"ನನಗೆ, ದೊಡ್ಡ ಮೇಸ್ತ್ರಿಗಳಿಗೆ, ಈ ಅಕ್ಕನಿಗೆ," ಎಂದ ಸ್ಟೋರಿನವನು. "ನಿಮಗೂ ಹೇಳಿದ್ದೆ ಸಾರ್."

"ನನಗೆ ನನ್ನ ಫೋನ್ ನಂಬರೇ ನೆನಪಿರಲ್ಲ ಮಾರಾಯ!"

ಆಗ ಪ್ಲೈವುಡ್ ಗೋಡೆಯ ಆಚೆಯಿಂದ ಒರೆಸೋ ಅಜ್ಜಿ ಬಂದರು. ಸಿದ್ಧವಾದ ಗಾಜುಗಳನ್ನು ಒರೆಸಿ ಕವರಿಗೆ ಹಾಕುವುದು ಅವರ ಕೆಲಸ. ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ.

"ನಾನು ಕೇಳಿಸ್ಕೊಂಡೆ," ಎಂದರು ಅಜ್ಜಿ. "ಎಂಟಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಯಾರೋ ಗುಂಡಿ ಒತ್ತಿದ್ರು. ಬೀಗ ಕುಂಯ್ ಅಂತ ಕೂಗ್ತು. ಮತ್ತೆ ಒತ್ತಿದ್ರು, ಮತ್ತೆ ಕುಂಯ್. ಮೂರನೇ ಸಲಕ್ಕೆ ಕಟಕ್ ಅಂತ ತೆಗೀತು."

"ಎರಡು ಸಲ ತಪ್ಪು ಒತ್ತಿದ್ರಾ?" ಯಜಮಾನರ ಹುಬ್ಬು ಮೇಲೇರಿತು. "ಅಂದ್ರೆ ಸಂಖ್ಯೆ ಸರಿಯಾಗಿ ರೂಢಿ ಇಲ್ಲದವರು."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ಹೊಸಬಳಿಗೆ ಸಂಖ್ಯೆ ಕೊಟ್ಟದ್ದು ಹೋದ ವಾರ.

"ನೀವು ಎಷ್ಟೊತ್ತಿಗೆ ಬಂದ್ರಿ?" ಯಜಮಾನರು ಕೇಳಿದರು.

"ಏಳೂವರೆಗೆ ಸಾರ್. ಮನೇಲಿ ಕೂರಕ್ಕಾಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ."

"ಜೊತೇಲಿ ಯಾರಿದ್ರು?"

"ಯಾರೂ ಇರಲಿಲ್ಲ."

"ನೋಡಿ, ಬೈಯ್ತಿಲ್ಲ. ಪರೀಕ್ಷೆ ಅಂದ್ರೆ ಯಾರಿಗೂ ಭಯಾನೇ. ತಟ್ಟೆ ಇಲ್ಲದಿದ್ರೆ ಪರೀಕ್ಷೆ ಮುಂದಕ್ಕೆ ಹೋಗುತ್ತೆ ಅಂತ ಅನ್ನಿಸಿರಬಹುದು. ಎಲ್ಲಿಟ್ಟಿದೀರಿ, ಹೇಳಿಬಿಡಿ."

"ನನ್ನ ಗಾಜನ್ನ ನಾನೇ ಯಾಕೆ ಕದೀಲಿ ಸಾರ್?" ಅವಳ ದನಿ ನಡುಗಿತು, ನಡುಗಿದ್ದಕ್ಕೆ ಅವಳಿಗೇ ಸಿಟ್ಟು ಬಂತು. "ಭಯ ಇತ್ತು, ನಿಜ. ಆದ್ರೆ ಓಡಿಹೋಗೋ ಹಾಗಿದ್ರೆ ಮೊದಲನೇ ವಾರಾನೇ ಹೋಗ್ತಿದ್ದೆ!"

"ಪಾಪ, ಬಿಟ್ಟುಬಿಡಿ ಅವಳನ್ನ," ದೊಡ್ಡ ಮೇಸ್ತ್ರಿ ಹಿಂದಿನಿಂದ ಹೇಳಿದರು. ಮೂವತ್ತು ವರ್ಷದಿಂದ ಇಲ್ಲಿ ಸಾಣೆ ಹಿಡಿದವರು, ಈ ಕಾರ್ಖಾನೆಯ ಎಲ್ಲ ಕೈಗಳಿಗೂ ಕೆಲಸ ಕಲಿಸಿದವರು. "ಹೆಣ್ಣುಮಗಳು. ಹೆದರಿಕೆಗೆ ಏನೋ ಮಾಡ್ಕೊಂಡಿದಾಳೆ. ದೊಡ್ಡದು ಮಾಡಬೇಡಿ, ಮನೆಗೆ ಕಳಿಸಿ ಸಾಕು."

ಆ ಕನಿಕರ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹೊಸಬಳು ಗಡಿಯಾರದಮ್ಮನನ್ನು ನೋಡಿದಳು. ಆಕೆ ಪುಸ್ತಕ ತೆರೆದರು.

"ಯಾರನ್ನೂ ಮನೆಗೆ ಕಳಿಸೋದು ಬೇಡ. ಮೂರು ಗಂಟೆ ತನಕ ಟೈಮಿದೆ. ಅಜ್ಜೀ, ಎಷ್ಟು ಸಲ ಅಂತ ಹೇಳಿದ್ರಿ. ಹೇಗೆ ಅಂತ ಹೇಳಲಿಲ್ಲ."

"ಹೇಗೆ ಅಂದ್ರೆ?"

"ಗುಂಡಿ ಒತ್ತಿದ ಸದ್ದು ಹೇಗಿತ್ತು? ಈ ಮೇಜಿನ ಮೇಲೆ ಬಡಿದು ತೋರಿಸಿ."

ಅಜ್ಜಿ ಕಣ್ಣು ಮುಚ್ಚಿದರು. ದಿನಕ್ಕೆ ಇನ್ನೂರು ಗಾಜನ್ನು ಒರೆಸುತ್ತ ಗೋಡೆಯಾಚೆಯ ಒಂದೊಂದು ಸದ್ದನ್ನೂ ಗುರುತು ಹಿಡಿಯುವ ಕಿವಿ ಅದು. ಉಗುರಿನಿಂದ ಮೇಜು ಬಡಿದರು.

ಟಕಟಕಟಕಟಕ. "ಕುಂಯ್." ಟಕಟಕಟಕಟಕ. "ಕುಂಯ್." ಅಜ್ಜಿಯ ಬೆರಳು ನಿಂತಿತು. ಆಮೇಲೆ— ಟಕ್… ಟಕ್… ಟಕ್… ಟಕ್. "ಕಟಕ್."

"ಖಂಡಿತಾನಾ?"

"ನಿಮ್ಮಾಣೆ."

ಗಡಿಯಾರದಮ್ಮ ಪುಸ್ತಕದಲ್ಲಿ ಏನೋ ಗೀಚಿದರು. ಹೊಸಬಳಿಗೆ ತಲೆಬುಡ ತಿಳಿಯಲಿಲ್ಲ. ಸದ್ದು ಹೇಗಿದ್ದರೇನು, ತಪ್ಪು ತಪ್ಪೇ ಅಲ್ಲವೇ?

"ಬೆಳಿಗ್ಗೆ ಎಂಟಕ್ಕೆ ಮೊದಲು ಒಳಗೆ ಯಾರ್ಯಾರಿದ್ರಿ?"

"ನಾನು," ಎಂದ ಸ್ಟೋರಿನವನು. "ಹಿಂದುಗಡೆ ಪೆಟ್ಟಿಗೆ ಇಳಿಸ್ತಿದ್ದೆ. ನನ್ನ ಜೊತೆಗೂ ಯಾರೂ ಇರಲಿಲ್ಲ."

"ನಾನೂ ಇದ್ದೆ," ಎಂದರು ಮೇಸ್ತ್ರಿ. "ಮಗಳ ಹೆರಿಗೆ ಅಂತ ಇಪ್ಪತ್ನಾಲ್ಕು ದಿನ ರಜೆ. ನಿನ್ನೆ ಮಧ್ಯಾಹ್ನ ಬಂದೆ. ನನ್ನ ಚಕ್ರಕ್ಕೆ ಎಣ್ಣೆ ಬಿಡೋಣ ಅಂತ ಬೇಗ ಬಂದೆ. ತಪ್ಪೇ?"

"ತಪ್ಪಲ್ಲ. ಈಗ ಮೂವರೂ ಒಬ್ಬೊಬ್ಬರಾಗಿ ಈ ಬೀಗ ತೆಗೀರಿ. ಮೊದಲು ನೀವು," ಎಂದು ಹೊಸಬಳಿಗೆ ಹೇಳಿದರು.

ಹೊಸಬಳು ಮುಂದೆ ಬಂದಳು. ಒಂದೊಂದು ಅಂಕಿಯನ್ನೂ ತುಟಿಯಲ್ಲಿ ಹೇಳಿಕೊಂಡು, ಗುಂಡಿ ಹುಡುಕಿ ಒತ್ತಿದಳು. ಟಕ್… ಟಕ್… ಟಕ್… ಟಕ್. ಕಟಕ್. ಗಡಿಯಾರದಮ್ಮ ಸಮಯ ಬರೆದುಕೊಂಡರು: ಏಳು ಸೆಕೆಂಡು.

ಸ್ಟೋರಿನವನು ಯಜಮಾನರ ಕಡೆ ತಿರುಗಿ "ಇದೆಲ್ಲ ಯಾಕೆ ಸಾರ್" ಎನ್ನುತ್ತಲೇ ಒತ್ತಿದ. ಟಕಟಕಟಕಟಕ, ಕಟಕ್. ಒಂದೂವರೆ ಸೆಕೆಂಡು. ಗುಂಡಿಯ ಕಡೆ ನೋಡಿಯೂ ಇರಲಿಲ್ಲ.

"ನಾನೂ ಒತ್ತಬೇಕಾ?" ಮೇಸ್ತ್ರಿ ಮುಖ ಗಂಟಿಕ್ಕಿದರು. "ಮೂವತ್ತು ವರ್ಷ ದುಡಿದೋನು ನಾನು." ಆದರೂ ಬಂದರು. ಮೂಗು ತಾಗುವಷ್ಟು ಬಗ್ಗಿ, ನಿಧಾನವಾಗಿ ಒತ್ತಿದರು. ಟಕ್… ಟಕ್… ಟಕ್… ಟಕ್. ಕಟಕ್. ಆರು ಸೆಕೆಂಡು. ತಪ್ಪಿಲ್ಲ.

"ಯಾರೂ ತಪ್ಪಲಿಲ್ಲವಲ್ಲ!" ಎಂದರು ಯಜಮಾನರು. "ಇದರಿಂದ ಏನು ಸಿಕ್ತು?"

"ಏನೋ ನೋಡೋಣ ಅಂದ್ಕೊಂಡೆ. ಮುಗೀತು ಬಿಡಿ." ಗಡಿಯಾರದಮ್ಮ ಕೊರಳಿನ ಗಡಿಯಾರ ತೆಗೆದು ಕಪಾಟಿನ ಖಾನೆಯಲ್ಲಿಟ್ಟು ಬಾಗಿಲು ತಳ್ಳಿದರು. ಪುಸ್ತಕವನ್ನೂ ಮುಚ್ಚಿದರು.

ಇವರೂ ಕೈಬಿಟ್ಟರೇ? ಹೊಸಬಳು ಗೋಡೆಗೆ ನೇತುಹಾಕಿದ್ದ ತನ್ನ ಚೀಲಕ್ಕೆ ಕೈ ಹಾಕಿದಳು, ಮತ್ತೆ ವಾಪಸು ತೆಗೆದಳು. ಇಲ್ಲ. ಹೋಗುವುದಿಲ್ಲ. ಬೇಕಾದರೆ ಕುತ್ತಿಗೆ ಹಿಡಿದು ಹೊರಗೆ ಹಾಕಲಿ.

ಒಂದು ಗಂಟೆ ಕಳೆಯಿತು. ಟೀ ಬಂತು. ಎಲ್ಲರೂ ಲೋಟ ಹಿಡಿದು ಅಲ್ಲಲ್ಲಿ ನಿಂತರು. ಗಡಿಯಾರದಮ್ಮ ಮೇಸ್ತ್ರಿಗಳ ಪಕ್ಕ ನಿಂತು ಊದಿ ಊದಿ ಕುಡಿಯುತ್ತಿದ್ದರು.

"ಅಯ್ಯೋ, ಗಡಿಯಾರ ಒಳಗೇ ಬಿಟ್ಟೆ. ಮೇಸ್ತ್ರಿಗಳೇ, ಸ್ವಲ್ಪ ತೆಗೆದುಕೊಡಿ, ನನ್ನ ಕೈಯಲ್ಲಿ ಲೋಟ ಇದೆ. ಅಂದ ಹಾಗೆ, ಮಗು ಹೇಗಿದೆ? ಕೇಳೋಕೇ ಮರೆತೆ. ಯಾರ ಹಾಗಿದೆ?"

ಮೇಸ್ತ್ರಿಗಳ ಮುಖ ಅರಳಿತು. ಬೆಳಿಗ್ಗೆಯಿಂದ ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. "ಮೊಮ್ಮಗಳು! ಥೇಟ್ ನಮ್ಮಮ್ಮನ ಮೂಗು. ಕೂದಲು ನೋಡಬೇಕು ನೀವು, ಹುಟ್ಟುವಾಗಲೇ ಇಷ್ಟು—" ಎಡಗೈಯಲ್ಲಿ ಕೂದಲಿನ ಉದ್ದ ತೋರಿಸುತ್ತ, ಬಲಗೈ ಬೀಗದ ಮೇಲಿಟ್ಟರು.

ಟಕಟಕಟಕಟಕ.

ಕುಂಯ್!

ಪ್ಲೈವುಡ್ ಗೋಡೆಯಾಚೆ ಅಜ್ಜಿ ಕೂಗಿಕೊಂಡರು. "ಅದೇ! ಬೆಳಿಗ್ಗೆ ಕೇಳಿದ್ದು ಅದೇ!"

ಮೇಸ್ತ್ರಿಗಳ ಬೆರಳು ಗುಂಡಿಯ ಮೇಲೇ ನಿಂತಿತ್ತು. ನಗು ಇನ್ನೂ ಮುಖದಿಂದ ಪೂರ್ತಿ ಇಳಿದಿರಲಿಲ್ಲ. ಹೊಸಬಳಿಗೆ ಅದನ್ನು ನೋಡಲಾಗಲಿಲ್ಲ.

"ಕ್ಷಮಿಸಿ ಮೇಸ್ತ್ರಿಗಳೇ," ಎಂದರು ಗಡಿಯಾರದಮ್ಮ. "ಮಗುವಿನ ಮಾತೆತ್ತಿ ನಿಮ್ಮ ಗಮನ ತಪ್ಪಿಸಿದ್ದು ನನಗೂ ಇಷ್ಟವಿಲ್ಲ. ಬೇರೆ ದಾರಿ ಇರಲಿಲ್ಲ."

"ಏನಿದು? ಬಿಡಿಸಿ ಹೇಳಿ," ಎಂದರು ಯಜಮಾನರು.

"ಎರಡು ಸಲ ತಪ್ಪಿದೆ ಅಂದ ಕೂಡಲೇ ನಾವೆಲ್ಲ ಅದು ಹೊಸಬರ ಕೈ ಅಂದ್ಕೊಂಡ್ವಿ. ಹೊಸಬರು ತಪ್ಪಿದರೂ ನಿಧಾನವಾಗಿ ತಪ್ತಾರೆ ಸಾರ್. ಕಣ್ಣಲ್ಲಿ ಹುಡುಕಿ, ಯೋಚಿಸಿ ಒತ್ತಬೇಕಲ್ಲ. ಬೆಳಿಗ್ಗೆ ಬಂದವರು ತಪ್ಪು ಸಂಖ್ಯೆಯನ್ನ ನೀರು ಕುಡಿದಷ್ಟು ಸಲೀಸಾಗಿ ಒತ್ತಿದ್ರು, ಒಂದಲ್ಲ ಎರಡು ಸಲ. ಸರಿ ಸಂಖ್ಯೆ ಒತ್ತುವಾಗ ಮಾತ್ರ ತಡವರಿಸಿದ್ರು. ತಪ್ಪು ಅಷ್ಟು ರೂಢಿಯಾಗಿತ್ತು ಅಂದ್ರೆ, ಅದು ಒಂದು ಕಾಲಕ್ಕೆ ಸರಿಯಾಗಿತ್ತು. ಈ ಬೀಗದ ಸಂಖ್ಯೆ ಬದಲಾಯಿಸಿದ್ದು ಯಾವಾಗ?"

"ಮೂರು ವಾರ ಆಯ್ತು," ಸ್ಟೋರಿನವನು ಕಣ್ಣು ಕಣ್ಣು ಬಿಟ್ಟ. "ಅದಕ್ಕೆ ಮುಂಚೆ ಹತ್ತು ವರ್ಷ ಒಂದೇ ಸಂಖ್ಯೆ."

"ಈ ಅಕ್ಕನಿಗೆ ಹಳೆಯದು ಗೊತ್ತೇ ಇರಲಿಲ್ಲ. ಅವಳ ಬೆರಳು ಓಡೋದು ಸಾಧ್ಯವಿಲ್ಲ. ನಿನಗೆ ಹಳೆಯದು ಗೊತ್ತಿತ್ತು, ಆದ್ರೆ ಮೂರು ವಾರದಿಂದ ದಿನಕ್ಕೆ ಇಪ್ಪತ್ತು ಸಲ ಹೊಸದನ್ನೇ ಒತ್ತಿದೀಯ. ನೀನು ತಡವರಿಸೋದು ಸಾಧ್ಯವಿಲ್ಲ. ಹಳೆಯದು ಕೈಗೆ ಹತ್ತಿ, ಹೊಸದು ಕೈಗೆ ಹತ್ತದೆ ಇರೋರು ಒಬ್ಬರೇ. ಸಂಖ್ಯೆ ಬದಲಾದಾಗ ರಜೆಯಲ್ಲಿದ್ದೋರು. ನಿನ್ನೆ ಮಧ್ಯಾಹ್ನ ನೀನು ಹೇಳಿದ ಹೊಸ ಸಂಖ್ಯೆ ಅವರ ತಲೆಗೆ ಹೋಯ್ತು. ಬೆರಳಿಗೆ ಇನ್ನೂ ಹೋಗಿಲ್ಲ. ನಾನು ಎಲ್ಲರೆದುರು ಬೀಗ ತೆಗೀರಿ ಅಂದಾಗ ತಲೆ ಕೆಲಸ ಮಾಡ್ತು. ಮೊಮ್ಮಗಳ ಮಾತು ಬಂದಾಗ ಬೆರಳು."

ಮೇಸ್ತ್ರಿ ತಮ್ಮ ಚಕ್ರದ ಹತ್ತಿರ ಹೋದರು, ಕೆಳಗಿನ ಡ್ರಾಯರು ಎಳೆದರು, ತಟ್ಟೆ ತಂದು ಮೇಜಿನ ಮೇಲಿಟ್ಟರು. ಹನ್ನೆರಡು ಗಾಜನ್ನೂ ಒಂದೊಂದಾಗಿ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ಒಡೆದುಹಾಕೋಣ ಅಂತಲೇ ತಗೊಂಡೆ," ಎಂದರು. "ನಾನು ಮೂರು ವರ್ಷ ಕಲಿಸೋದನ್ನ ಆರು ವಾರದಲ್ಲಿ ಕಲಿಸಿದಾರಂತೆ. ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ್ದೇನು? ಹೊಟ್ಟೆ ಉರೀತು. ಕೈಗೆ ತಗೊಂಡು ನೋಡಿದೆ. ಚೆನ್ನಾಗಿದ್ವು. ಒಡೆಯೋಕೆ ಕೈ ಬರಲಿಲ್ಲ."

"ನನ್ನನ್ನ ಮನೆಗೆ ಕಳಿಸಿ ಅನ್ನೋಕೆ ಬಾಯಿ ಬಂತಲ್ಲ!" ಹೊಸಬಳು ತಡೆದುಕೊಳ್ಳಲಿಲ್ಲ.

"ಬಂತು. ಅದು ತಪ್ಪೇ." ಅವರು ತಲೆ ಎತ್ತಲಿಲ್ಲ. ಆಮೇಲೆ ಏಳನೆಯ ಗಾಜನ್ನು ಬಟ್ಟೆಯಿಂದ ಬಿಡಿಸಿದರು. "ನಾನು ಹೋಗೋದು ಇದ್ದೇ ಇದೆ. ಅದಕ್ಕೆ ಮುಂಚೆ ಒಂದು ಮಾತು. ಹನ್ನೊಂದು ಸರಿ ಇವೆ. ಇದು ಇಲ್ಲ. ಎಡ ಅಂಚಲ್ಲಿ ಒಂದು ಕೂದಲಷ್ಟು ಹೆಚ್ಚು ಅರೆದಿದೀಯಮ್ಮ. ಮೂರು ಗಂಟೆಗೆ ಇದೇ ನಿನ್ನನ್ನ ಮುಳುಗಿಸುತ್ತೆ."

ಸ್ಟೋರಿನವನು ಗಾಜನ್ನು ಬೆಳಕಿಗೆ ಹಿಡಿದ. ಏನೂ ಕಾಣಲಿಲ್ಲ. ಯಜಮಾನರಿಗೂ ಕಾಣಲಿಲ್ಲ. ಗಡಿಯಾರದಮ್ಮ ಅಳತೆಯ ಉಪಕರಣ ತಂದು ಎರಡು ಸಲ ಅಳೆದರು, ಮೂರನೆಯ ಸಲವೂ ಅಳೆದರು. ಆಮೇಲೆ ಪುಸ್ತಕ ತೆರೆದು ಬರೆದುಕೊಂಡರು.

"ಅವರು ಹೇಳಿದ್ದು ಸರಿ," ಎಂದರು. "ಇದನ್ನ ನಾನು ಕಲಿಸಲಿಲ್ಲ. ಕಲಿಸೋಕೆ ನನಗೆ ಬರೋದೂ ಇಲ್ಲ."

ಯಜಮಾನರು ಬಾಗಿಲ ಕಡೆ ಕೈ ತೋರಿಸಿದರು. "ಮೇಸ್ತ್ರಿಗಳೇ, ನೀವಿನ್ನು—"

"ಸಾರ್, ಒಂದು ನಿಮಿಷ." ಹೊಸಬಳು ಅಡ್ಡ ಬಂದಳು. ತನ್ನ ದನಿ ನಡುಗುತ್ತಿಲ್ಲವೆಂದು ಅವಳಿಗೇ ಆಶ್ಚರ್ಯವಾಯಿತು. "ಪರೀಕ್ಷೆಗೆ ಇಡೋ ಗಾಜು ನಾನೇ ಅರೆದಿರಬೇಕು, ಅಷ್ಟೇ ತಾನೇ ನಿಯಮ? ಈಗ ಹತ್ತೂವರೆ. ನಾಲ್ಕೂವರೆ ಗಂಟೆ ಹೊತ್ತಿದೆ. ಅವರ ಮೇಲೆ ನನಗೆ ಕೋಪ ಇದೆ, ಇನ್ನೂ ಬಹಳ ದಿನ ಇರುತ್ತೆ. ಆದ್ರೆ ಆ ಒಂದು ಕೂದಲು ಕಾಣೋ ಕಣ್ಣು ಇಲ್ಲಿ ಬೇರೆ ಯಾರಿಗಿದೆ?"

ಯಜಮಾನರು ಗಡಿಯಾರದಮ್ಮನನ್ನು ನೋಡಿದರು. ಆಕೆ ತಲೆಯಾಡಿಸಿದರು.

"ಸರಿ, ಇರಲಿ," ಎಂದು ಯಜಮಾನರು ನಿಟ್ಟುಸಿರು ಬಿಟ್ಟರು. "ದೊಡ್ಡ ಮೇಸ್ತ್ರಿ ಅನ್ನೋದು ಮಾತ್ರ ಈವತ್ತಿಗೆ ಮುಗೀತು. ಲೋ, ಬೀಗದ ನಂಬರು ಮತ್ತೆ ಬದಲಾಯಿಸು. ಇವರಿಗೆ ಹೇಳಬೇಡ."

ಹೊಸಬಳು ಹೊಸ ಗಾಜೊಂದನ್ನು ತೆಗೆದುಕೊಂಡು ಚಕ್ರದ ಮುಂದೆ ಕೂತಳು. ಪಕ್ಕದ ಸ್ಟೂಲನ್ನು ಕಾಲಿನಿಂದ ಹೊರಗೆ ತಳ್ಳಿದಳು.

"ಎಲ್ಲಿ ತಪ್ಪಿದೆ ಅಂತ ಬಾಯಲ್ಲಿ ಹೇಳಬೇಡಿ ಅಣ್ಣ," ಎಂದಳು. "ಬೆರಳಿಗೆ ಹೇಳಿಕೊಡಿ."

ಮೂರೂಕಾಲಿಗೆ ಪರೀಕ್ಷಕರು ಹೊಸದಾಗಿ ಅರೆದ ಏಳನೆಯ ಗಾಜನ್ನು ಎತ್ತಿಕೊಂಡರು. ಎಲ್ಲಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡಿದರು. ಸ್ಟೂಲಿನ ಮೇಲೆ ಕೂತಿದ್ದ ಮೇಸ್ತ್ರಿ ಉಸಿರು ಬಿಗಿಹಿಡಿದದ್ದು ಹೊಸಬಳಿಗೆ ಕೇಳಿಸಿತು. ಪರೀಕ್ಷಕರು ಗಾಜನ್ನು ಪಾಸಾದವುಗಳ ಸಾಲಿನಲ್ಲಿಟ್ಟು ಎಂಟನೆಯದಕ್ಕೆ ಕೈ ಚಾಚಿದರು.