ಬಿಸಿಯಾಗಿತ್ತು, ಅಷ್ಟೇ!

"ರೀ, ಮೂಸಿ ನೋಡದೆ ಯಾರಾದ್ರೂ ಅವರೆಕಾಯಿ ತಗೋತಾರಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಚೈತನ್ಯಾಗೇ ಆಶ್ಚರ್ಯವಾಯಿತು. ಗಂಡ ನಿತೀಶ್ ತೀರಿಹೋದ ಎರಡು ವರ್ಷಗಳಲ್ಲಿ ಅಪರಿಚಿತರೊಡನೆ ಅವಳು ತಾನಾಗಿ ಮಾತಾಡಿದ್ದೇ ಇಲ್ಲ.

ಗಾಂಧಿ ಬಜಾರಿನಲ್ಲಿ ಚಳಿಯ ಬೆಳಗು. ಅವರೆಕಾಯಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಗಂಡಸು ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದ. ಸೊಗಡೇ ಇಲ್ಲದ ಕಾಯಿ!

ಅವನು ತಲೆಯೆತ್ತಿದ. ಒಂದು ಕ್ಷಣ ಅವಳನ್ನೇ ನೋಡಿ ಮೆಲ್ಲಗೆ ನಕ್ಕ.

"ನಂಗೆ ಎಲ್ಲಾ ಒಂದೇ ರೀ."

"ಸುಮ್ಕಿರವ್ವಾ, ನನ್ ಯಾಪಾರ ಕೆಡಿಸ್ಬ್ಯಾಡ!" ಎಂದು ಅವರೆಕಾಯಿ ಮಾರುವ ನಾರಾಯಣಮ್ಮ ಗದರಿದಳು.

'ಎಲ್ಲಾ ಒಂದೇ ಅಂತೆ! ಏನು ಕೊಬ್ಬು!' ಚೈತನ್ಯಾ ದುಡುದುಡು ಮನೆಗೆ ನಡೆದಳು.

ಸಂಜೆ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದಾಗ ಅದೇ ಗಂಡಸು ಅವಳ ಮನೆಯ ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದ!

"ಬಾರೇ," ಎಂದರು ಅತ್ತೆ ಕಾವೇರಮ್ಮ. "ಇವರು ಸಂಕರ್ಷಣ. ಹಳೇ ಮನೆಗಳನ್ನ ರಿಪೇರಿ ಮಾಡಿಸೋ ಆರ್ಕಿಟೆಕ್ಟ್. ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದಿದಾರೆ. ಪಾಪ, ಒಬ್ಬರೇ. ದಿನಾ ಒಂದು ಡಬ್ಬಿ ಕಳಿಸೋಣ, ಏನಂತೀ?"

"ಮೂಸಿ ನೋಡಿ ತಿಂತಾರೋ ಇಲ್ವೋ ಕೇಳಿ, ಅತ್ತೆ!"

ಅವನ ಮುಖ ಒಮ್ಮೆ ಸಣ್ಣಗಾಯಿತು. ಅವಳು ಅದನ್ನು ಗಮನಿಸಲಿಲ್ಲ.

ಧನುರ್ಮಾಸ. ನಸುಕಿನಲ್ಲೇ ಸ್ನಾನ ಮಾಡಿ, ಕರಿಮೆಣಸು, ಜೀರಿಗೆ, ಶುಂಠಿ ಹಾಕಿ ಚೈತನ್ಯಾ ಹುಗ್ಗಿ ಮಾಡುತ್ತಿದ್ದಳು. ದೇವರಿಗೆ ನೈವೇದ್ಯವಾಗುವ ಮುನ್ನ ಆ ಮನೆಯಲ್ಲಿ ಯಾರೂ ಅಡುಗೆಯ ರುಚಿ ನೋಡುವಂತಿಲ್ಲ. ಆಮೇಲೆ ಹುಗ್ಗಿ ಡಬ್ಬಿಯಲ್ಲಿ ಮಹಡಿ ಹತ್ತುತ್ತಿತ್ತು. ಒಮ್ಮೊಮ್ಮೆ ಅವರೆಕಾಳಿನ ಉಪ್ಪಿಟ್ಟು. ಭಾನುವಾರ, ಹಿತಕಿದ ಬೇಳೆ ಸಾರು.

"ಅಮೃತ ಕಣೇ!" ಎಂದು ಕಾವೇರಮ್ಮ ಬೀದಿಗೆ ಕೇಳುವ ಹಾಗೆ ಹೊಗಳುತ್ತಿದ್ದರು.

ಡಬ್ಬಿ ಖಾಲಿ ವಾಪಸ್ ಬರುತ್ತಿರಲಿಲ್ಲ. ಒಮ್ಮೆ ಹಿಡಿ ಕಡಲೆಕಾಯಿ, ಒಮ್ಮೆ ಎರಡು ಸೀಬೆಹಣ್ಣು. ಒಂದು ದಿನ ಅಡುಗೆಮನೆಯ ಮುಚ್ಚದ ಕಿಟಕಿಯನ್ನೂ ಅವನೇ ಬಂದು ಉಜ್ಜಿ ಸರಿಮಾಡಿಕೊಟ್ಟ. "ಚಳಿಗಾಳೀಲಿ ನಿಂತು ಅಡುಗೆ ಮಾಡ್ತೀರಲ್ಲ," ಎಂದಷ್ಟೇ ಹೇಳಿ ಹೋದ.

ಅವನು ಮೆಟ್ಟಿಲಿಳಿಯುವ ಸದ್ದಿಗೆ ಕಿವಿಗೊಡುತ್ತಿದ್ದೇನೆ ಎಂದು ಅವಳಿಗೆ ತಿಳಿದದ್ದು ತಡವಾಗಿ. ತಿಳಿದಾಗ ಹೆದರಿಕೆಯಾಯಿತು.

ಆದರೆ ಊಟ ಹೇಗಿತ್ತು ಎಂದು ಕೇಳಿದರೆ ಅವನದು ಒಂದೇ ಮಾತು.

"ಬಿಸಿಯಾಗಿತ್ತು."

ಹುಗ್ಗಿ? ಬಿಸಿಯಾಗಿತ್ತು. ಉಪ್ಪಿಟ್ಟು? ಬಿಸಿಯಾಗಿತ್ತು. ಬೆರಳು ಸುಕ್ಕಾಗುವ ತನಕ ಕಾಳು ಹಿತಕಿ ಮಾಡಿದ ಸಾರು?

"ಅದೂ… ಬಿಸಿಯಾಗಿತ್ತು."

"ಸ್ನಾನದ ನೀರೂ ಬಿಸಿಯಾಗಿರತ್ತೆ ರೀ!" ಚೈತನ್ಯಾ ಸಿಡಿದಳು. "ನಾಳೆಯಿಂದ ಒಂದು ಚೊಂಬು ನೀರು ಕಾಯಿಸಿ ಕಳಿಸ್ತೀನಿ ಬಿಡಿ!"

ಅವನು ಡಬ್ಬಿಯನ್ನು ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದ. ಮಾರನೆಯ ದಿನ ಡಬ್ಬಿ ಮಹಡಿ ಹತ್ತಲಿಲ್ಲ. ಅದರ ಮಾರನೆಯ ದಿನ ಕಾವೇರಮ್ಮ ಸಪ್ಪೆ ಮುಖದಲ್ಲಿ ಸುದ್ದಿ ತಂದರು.

"ಸಂಕರ್ಷಣ ಮನೆ ಖಾಲಿ ಮಾಡ್ತಾರಂತೆ. ಕುಮಾರ ಪಾರ್ಕ್ ಕಡೆ ರೂಮ್ ನೋಡಿದಾರಂತೆ."

"ಹೋಗ್ಲಿ ಬಿಡಿ," ಎಂದಳು ಚೈತನ್ಯಾ. ಸೌಟನ್ನು ಮಾತ್ರ ಬರಿ ಪಾತ್ರೆಯಲ್ಲಿ ತಿರುವುತ್ತಲೇ ಇದ್ದಳು.

'ಹೋಗ್ತಾರಾ… ನಿಜವಾಗ್ಲೂ?'

ಭಾನುವಾರ ಬೆಳಗ್ಗೆ ಮಹಡಿಯಿಂದ ಸೀದ ವಾಸನೆ ಬಂತು. ಕಮಟು ಹೆಚ್ಚಾಗುತ್ತಲೇ ಹೋಯಿತು. ಚೈತನ್ಯಾ ಎರಡೆರಡು ಮೆಟ್ಟಿಲು ಹಾರಿ ಓಡಿದಳು.

ಬಾಗಿಲು ತೆರೆದಿತ್ತು. ಒಲೆಯ ಮೇಲೆ ಹಾಲಿನ ಪಾತ್ರೆ ಕಪ್ಪಗೆ ಸೀದು ಹೊಗೆಯಾಡುತ್ತಿತ್ತು. ನಾಲ್ಕು ಮಾರು ದೂರದಲ್ಲಿ ಬೆನ್ನು ತಿರುಗಿಸಿ ಕೂತ ಸಂಕರ್ಷಣ, ಶಾಂತವಾಗಿ ಯಾವುದೋ ಮನೆಯ ನಕ್ಷೆಗೆ ಗೆರೆ ಎಳೆಯುತ್ತಿದ್ದ!

ಒಲೆ ಆರಿಸಿ ಅವಳು ಕಿರುಚಿದಳು. "ಮೂಗಿಲ್ವೇನ್ರೀ ನಿಮಗೆ?"

ಅವನು ಎದ್ದು ನಿಂತ. ಹೊಗೆ ನೋಡಿ ಬೆಚ್ಚಿದ.

"ಇಲ್ಲ," ಎಂದ ಮೆತ್ತಗೆ. "ಒಂದು ಜ್ವರ ಬಂದು ಹೋಯ್ತು. ಅವತ್ತಿಂದ ನಂಗೆ ಯಾವ ವಾಸನೇನೂ ತಿಳಿಯಲ್ಲ."

ಸೊಗಡು… ಮೂಸಿ ನೋಡದೆ… ತಾನಾಡಿದ ಒಂದೊಂದು ಮಾತೂ ಚೈತನ್ಯಾಳನ್ನು ಚುಚ್ಚಿತು.

"ಮೊದಲೇ ಹೇಳಬಾರದಿತ್ತಾ?"

"ನಿಮ್ಮ ಸಾರಿನ ರುಚಿ ನಂಗೆ ತಿಳಿಯಲ್ಲ ಅಂತ ಹೇಗೆ ಹೇಳ್ಲಿ? ಸುಳ್ಳು ಹೊಗಳೋಕೂ ಮನಸ್ಸು ಬರ್ಲಿಲ್ಲ. ಬಿಸಿ ಅನ್ನೋದೊಂದು ನಿಜವಾಗಿತ್ತು. ಅದನ್ನೇ ಹೇಳ್ದೆ." ಅವನು ನಕ್ಕ, ಆದರೆ ಕಣ್ಣು ನಗಲಿಲ್ಲ. "ವಿಚಿತ್ರ ಏನ್ ಗೊತ್ತಾ? ಹೋಟೆಲ್ ಸಾಂಬಾರಿನ ಉಪ್ಪು, ಹುಳಿ ನನ್ನ ನಾಲಿಗೆಗೆ ತಿಳಿಯತ್ತೆ. ನಿಮ್ಮ ಅಡುಗೇಲಿ ಮಾತ್ರ ಏನೂ ತಿಳಿಯಲ್ಲ! ನಿಮ್ಮತ್ತೆ ಅಮೃತ ಅಂತಾರೆ. ಮೂಗಿರೋರಿಗೆ ಮಾತ್ರ ತಿಳಿಯೋ ಅಷ್ಟು ನಾಜೂಕು ಅಂದ್ಕೊಂಡೆ. ನನ್ನಂಥವನಿಗ್ಯಾಕೆ ಇಷ್ಟು ಒಳ್ಳೆ ಊಟ ದಂಡ ಮಾಡೋದು ಅಂತಾನೇ…"

"ತಡೀರಿ." ಚೈತನ್ಯಾಳ ಮುಖ ಬಿಳುಚಿಕೊಂಡಿತು. "ಉಪ್ಪು ಕೂಡ ತಿಳೀಲಿಲ್ವಾ?"

ಉತ್ತರಕ್ಕೆ ಕಾಯದೆ ಕೆಳಗೆ ಓಡಿದಳು. ನೈವೇದ್ಯವಾಗಿದ್ದ ಹುಗ್ಗಿಯನ್ನು ಬಾಯಿಗಿಟ್ಟುಕೊಂಡಳು. ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಗಮನವಿಟ್ಟು ತಿಂದಳು.

ಉಪ್ಪೇ ಇರಲಿಲ್ಲ.

"ಅತ್ತೇ!"

ಕಾವೇರಮ್ಮ ಬಾಗಿಲಲ್ಲಿ ಕಳ್ಳರ ಹಾಗೆ ನಿಂತಿದ್ದರು. ಕೈಯಲ್ಲಿ ಉಪ್ಪಿನಕಾಯಿ ಜಾಡಿ.

"ಒಂದೊಂದಿನ ಉಪ್ಪು ಇರತ್ತೆ ಕಣೇ… ಎಷ್ಟೋ ದಿನ ಇರಲ್ಲ. ಹೇಳಿದ್ರೆ ನೊಂದ್ಕೊಳ್ತೀಯ ಅಂತ ಉಪ್ಪಿನಕಾಯಿ ಜಾಸ್ತಿ ಹಾಕ್ಕೊಂಡು ತಿಂತಿದ್ದೆ."

"ಅಮೃತ ಅಂತಿದ್ರಲ್ಲ!"

"ಅಮೃತಕ್ಕೆ ಉಪ್ಪಿರತ್ತೆ ಅಂತ ಯಾರೇ ಹೇಳಿದ್ದು?"

ಚೈತನ್ಯಾ ನಕ್ಕಳು. ನಗುತ್ತ ನಗುತ್ತ ಅತ್ತಳು. ಹಿಂದೆಯೇ ಇಳಿದು ಬಂದ ಸಂಕರ್ಷಣ ಏನೂ ತಿಳಿಯದೆ ನಿಂತಿದ್ದ.

"ರುಚಿ ನೋಡೋ ಹಾಗಿಲ್ವಲ್ಲ," ಎಂದಳು ಅವನಿಗೆ, ಕಣ್ಣೊರೆಸಿಕೊಂಡು. "ನಿತೀಶ್ ದಿನಾ ನಡುಮನೆಯಿಂದ ಕೂಗಿ ಕೇಳೋರು… ಚೈತೂ, ಉಪ್ಪು ಹಾಕ್ದ್ಯಾ? ಅಂತ. ಅವರು ಕೇಳಿದ ಮೇಲೇ ನಾನು ಹಾಕ್ತಿದ್ದಿದ್ದು. ಆಮೇಲೆ… ಕೇಳೋರೇ ಇರ್ಲಿಲ್ಲ."

ಅವಳು ಹುಗ್ಗಿಗೆ ಉಪ್ಪು ಬೆರೆಸಿ, ಬಿಸಿಮಾಡಿ, ತುಪ್ಪ ಬಿಟ್ಟು ಅವನ ಮುಂದಿಟ್ಟಳು.

ಒಂದು ತುತ್ತು. ಅವನ ಕಣ್ಣರಳಿತು. "ಉಪ್ಪು! ರೀ, ಉಪ್ಪು ತಿಳೀತು!" ತಟ್ಟೆ ಖಾಲಿಯಾಯಿತು. ಇನ್ನೊಂದು ತಟ್ಟೆಯೂ.

"ಹೇಗಿತ್ತು?" ಎಂದಳು, ಬೇಕೆಂದೇ.

"ಬಿಸಿಯಾಗಿತ್ತು," ಎಂದ ಅವನು, ತಟ್ಟೆಯನ್ನು ಮತ್ತೆ ಮುಂದೆ ಚಾಚಿ.

ಕುಮಾರ ಪಾರ್ಕಿನ ರೂಮಿನ ಮಾತು ಮತ್ತೆ ಬರಲಿಲ್ಲ.

ಸಂಕ್ರಾಂತಿಯ ನಸುಕು. ಒಲೆಯ ಮೇಲೆ ಖಾರ ಪೊಂಗಲ್ ಕುದಿಯುತ್ತಿತ್ತು. ಕಾವೇರಮ್ಮ ಅಂಗಳದಲ್ಲಿ ರಂಗೋಲಿಗೆ ಬಣ್ಣ ತುಂಬುತ್ತಿದ್ದರು. ಮೆಟ್ಟಿಲಿಳಿದ ಹೆಜ್ಜೆ ಅಡುಗೆಮನೆಯ ಹೊಸಿಲ ಆಚೆ ನಿಂತಿತು.

"ಚೈತನ್ಯಾ… ಅದು ನಿತೀಶ್ ಅವರ ಪ್ರಶ್ನೆ. ಗೊತ್ತು ನಂಗೆ. ಅವರ ಜಾಗ ಅವರಿಗೇ ಇರ್ಲಿ. ಆದ್ರೆ… ನಾನೂ ಕೇಳಬಹುದಾ?"

ಅಂಗಳದಿಂದ ಕಾವೇರಮ್ಮನ ದನಿ: "ಕೇಳಪ್ಪಾ ಬೇಗ! ಉಪ್ಪಿನಕಾಯಿ ಜಾಡಿ ತಳ ಕಂಡಿದೆ!"

ಚೈತನ್ಯಾ ತಿರುಗದೆಯೇ ನಕ್ಕಳು. "ಕೇಳಿ."

"ಉಪ್ಪು ಹಾಕಿದ್ರಾ?"

"ಇಲ್ಲ. ನೀವು ಕೇಳ್ಲಿ ಅಂತ ಕಾಯ್ತಿದ್ದೆ."

"ದಿನಾ ಕೇಳ್ಲಾ? ಪ್ರತಿ ಚಳಿಗಾಲಾನೂ?"

"ಬೇಸಿಗೇಲಿ ಏನ್ ಸಪ್ಪೆ ತಿಂತೀರಾ?" ಅವಳು ಉಪ್ಪಿನ ಭರಣಿಗೆ ಕೈ ಹಾಕಿದಳು. "ಆದ್ರೆ ಅವರೆಕಾಯಿ ಆರಿಸೋಳು ನಾನೇ. ನಿಮಗೆ ಎಲ್ಲಾ ಒಂದೇ ಅಲ್ವಾ!"

"ಈಗ ಅಲ್ಲ ರೀ," ಎಂದ ಸಂಕರ್ಷಣ. "ಈಗ ಎಲ್ಲಾ ಒಂದೇ ಅಲ್ಲ."